ಸಿಬಿಸಿಗೆ ಯಾವ ಕೋಡ್? ಮೊದಲು ಆರ್ಡರ್ ತೆಗೆಯಿರಿ

"ಸಿಬಿಸಿ ಅಂದ್ರೆ 85025." ಸಿಬಿಸಿ ಅಂದರೆ ಕಂಪ್ಲೀಟ್ ಬ್ಲಡ್ ಕೌಂಟ್, ರಕ್ತಕಣಗಳ ಪೂರ್ತಿ ಎಣಿಕೆ; 85025 ವಿಮೆಗೆ ಬಿಲ್ ಕಳಿಸುವಾಗ ಅದಕ್ಕೆ ಹಾಕುವ ಕೋಡ್. ಇಂಥ ಕೋಡ್ ಹಾಕುವ ಕೆಲಸವಾದ ಮೆಡಿಕಲ್ ಕೋಡಿಂಗ್‌ಗೆ ಹೊಸದಾಗಿ ಬರುವವರಲ್ಲಿ ಬಹಳ ಜನ ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಬಹಳ ಸಲ ಅದು ಸರಿಯೂ ಆಗಿರುತ್ತದೆ. ತೊಂದರೆ ಇರುವುದೇ ಅಲ್ಲಿ. ಬೆಳಗಿನಿಂದ ಸರಿಯಾಗುತ್ತಾ ಬಂದ ಕೋಡನ್ನು ಬೇರೆ ಕೋಡ್ ಬೇಕಿದ್ದ ಚಾರ್ಟಿಗೂ (ರೋಗಿಯ ದಾಖಲೆಗೂ) ಹಾಕಿ ಮುಂದೆ ಹೋಗಿಬಿಡುತ್ತಾರೆ. ಆಡಿಟ್‌ನಲ್ಲಿ ಸಿಕ್ಕಿಬಿದ್ದಾಗ "ರಿಪೋರ್ಟ್‌ನಲ್ಲಿ ಡಿಫರೆನ್ಷಿಯಲ್ ಇತ್ತಲ್ಲಾ ಮೇಡಂ" ಎನ್ನುತ್ತಾರೆ. ಡಿಫರೆನ್ಷಿಯಲ್ ಅಂದರೆ ಬಿಳಿ ರಕ್ತಕಣಗಳಲ್ಲಿ ಯಾವ ಬಗೆಯದು ಎಷ್ಟು ಎಂಬ ಲೆಕ್ಕ.

ನಾನು ಕೋಡಿಂಗ್‌ಗೆ ಬರುವ ಮೊದಲು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸ್ಲೈಡ್ ಎಳೆದು, ಲೀಶ್‌ಮನ್ ಸ್ಟೇನ್ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೂರು ಬಿಳಿ ರಕ್ತಕಣ ಎಣಿಸುವ ಕೆಲಸ. ಈಗ ಬೆಂಗಳೂರಿನಲ್ಲಿ ಕೂತು ಅಮೆರಿಕದ ಲ್ಯಾಬ್ ಮತ್ತು ಕ್ಲಿನಿಕ್‌ಗಳ ಚಾರ್ಟ್ ಕೋಡ್ ಮಾಡುತ್ತೇನೆ, ಹೊಸಬರಿಗೆ ಹೇಳಿಕೊಡುತ್ತೇನೆ. ಅವರಿಗೆ ಮೊದಲು ಹೇಳುವುದು ಇದನ್ನೇ. ರಕ್ತಕಣಗಳ ಟೆಸ್ಟ್‌ಗೆ ಕೋಡ್ ಹುಡುಕುವಾಗ ರಿಪೋರ್ಟ್‌ನಿಂದ ಶುರು ಮಾಡಬೇಡಿ. ಆರ್ಡರ್‌ನಲ್ಲಿ ಡಾಕ್ಟರ್ ಏನು ಬರೆದಿದ್ದಾರೆ, ಅಲ್ಲಿಂದ ಶುರು ಮಾಡಿ.

ಕಾರಣ ಸರಳ. ಇವತ್ತಿನ ಹೆಮಟಾಲಜಿ ಮಷೀನ್‌ಗೆ ಒಂದು ಟ್ಯೂಬ್ ಕೊಟ್ಟರೆ ಅದು ಎಲ್ಲವನ್ನೂ ಅಳೆದುಬಿಡುತ್ತದೆ. ಡಾಕ್ಟರ್ ಬರೀ ಹಿಮೋಗ್ಲೋಬಿನ್ ಕೇಳಿದ್ದರೂ ಮಷೀನ್ ಒಳಗೆ ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್, ಡಿಫರೆನ್ಷಿಯಲ್ ಎಲ್ಲಾ ಸಿದ್ಧವಾಗಿರುತ್ತದೆ. ರಿಪೋರ್ಟ್ ಹೇಳುವುದು ಮಷೀನ್‌ಗೆ ಏನು ಬರುತ್ತದೆ ಎಂದು. ದುಡ್ಡು ಕೊಡುವವರು ಕೇಳುವುದು ಡಾಕ್ಟರಿಗೆ ಏನು ಬೇಕಿತ್ತು ಎಂದು.

ಟಿಸಿ, ಡಿಸಿ, ಎಚ್‌ಬಿ ಗೊತ್ತಿದ್ದರೆ ಅರ್ಧ ಕೆಲಸ ಆಯಿತು

ನಮ್ಮ ಕಡೆ ಡಾಕ್ಟರು ಚೀಟಿಯಲ್ಲಿ "ಟಿಸಿ, ಡಿಸಿ, ಎಚ್‌ಬಿ, ಪಿಸಿವಿ, ಪ್ಲೇಟ್‌ಲೆಟ್" ಎಂದು ಬಿಡಿಬಿಡಿಯಾಗಿ ಬರೆಯುವ ರೂಢಿ ಇನ್ನೂ ಇದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪ್ರಕಟಿಸುವ ಸಿಪಿಟಿ ಪುಸ್ತಕದಲ್ಲೂ ಈ ಒಂದೊಂದಕ್ಕೂ ಒಂದೊಂದು ಕೋಡ್ ಇದೆ. ಟಿಸಿ, ಅಂದರೆ ಮಷೀನ್ ಮಾಡಿದ ಬಿಳಿ ಕಣಗಳ ಒಟ್ಟು ಎಣಿಕೆ 85048. ಮಷೀನ್ ಮಾಡಿದ ಡಿಸಿ, ಅಂದರೆ ಡಿಫರೆನ್ಷಿಯಲ್, 85004. ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, 85018. ನಾವು ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಅನ್ನುವುದನ್ನು ಅವರು ಹೆಮಟೋಕ್ರಿಟ್ ಅನ್ನುತ್ತಾರೆ, ಅದು 85014. ಕೆಂಪು ಕಣಗಳ ಎಣಿಕೆ 85041, ಪ್ಲೇಟ್‌ಲೆಟ್ 85049.

ಈಗ ಎಚ್‌ಬಿ, ಹೆಮಟೋಕ್ರಿಟ್, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಈ ಐದನ್ನೂ ಒಟ್ಟಿಗೆ ಮಷೀನ್‌ನಲ್ಲಿ ಮಾಡಿದರೆ ಅದು 85027. ಅದಕ್ಕೆ ಮಷೀನ್ ಮಾಡಿದ ಡಿಸಿ ಸೇರಿದರೆ 85025. ಇಷ್ಟೇ ವ್ಯತ್ಯಾಸ. ಡಿಫರೆನ್ಷಿಯಲ್ ಇದೆಯಾ, ಇಲ್ವಾ ಅನ್ನುವುದು ಮಾತ್ರ. ಮಷೀನ್ ಬಿಳಿ ಕಣಗಳನ್ನು ಮೂರು ಗುಂಪು ಮಾಡುತ್ತದೋ ಐದು ಗುಂಪು ಮಾಡುತ್ತದೋ ಎಂದು ಕೆಲವರು ತಲೆಕೆಡಿಸಿಕೊಳ್ಳುತ್ತಾರೆ. ಬೇಡ. ತ್ರೀ ಪಾರ್ಟ್ ಆದರೂ ಫೈವ್ ಪಾರ್ಟ್ ಆದರೂ 85025 ಒಂದೇ.

ರಿಪೋರ್ಟ್‌ನಲ್ಲಿ ಎಂಸಿವಿ, ಎಂಸಿಎಚ್, ಎಂಸಿಎಚ್‌ಸಿ, ಆರ್‌ಡಿಡಬ್ಲ್ಯು, ಎಂಪಿವಿ ಎಂದು ಇನ್ನೊಂದಷ್ಟು ಸಾಲು ಇರುತ್ತವೆ. ಇವು ಸಿಬಿಸಿ ಮಾಡುವಾಗ ಮಷೀನ್ ಅಳೆದೋ ಲೆಕ್ಕ ಹಾಕಿಯೋ ಜೊತೆಗೇ ಕೊಡುವ ಅಂಕಿಗಳು. ಇವಕ್ಕೆ ಬೇರೆ ಕೋಡ್ ಹುಡುಕುತ್ತಾ ಕೂರಬೇಡಿ. ಊಟ ಎಂದು ಬಿಲ್ ಹಾಕಿದ ಮೇಲೆ ಹೋಟೆಲಿನವರು ಉಪ್ಪಿನಕಾಯಿಗೆ ಬೇರೆ ಬಿಲ್ ಹಾಕುತ್ತಾರಾ? 1990ರ ದಶಕದಲ್ಲಿ ಅಮೆರಿಕದ ಕೆಲವು ಲ್ಯಾಬ್‌ಗಳು ಈ ಇಂಡೆಕ್ಸ್‌ಗಳಿಗೆ ಸಿಬಿಸಿ ಜೊತೆ ಬೇರೆಯಾಗಿ ಬಿಲ್ ಮಾಡಿದವು. ಸರ್ಕಾರದ ತನಿಖೆ ನಡೆಯಿತು. ಲ್ಯಾಬ್ ಬಿಲ್ಲಿಂಗ್ ವಿಷಯದಲ್ಲಿ ಅಲ್ಲಿ ಇಷ್ಟೊಂದು ಬಿಗಿ ಇರುವುದಕ್ಕೆ ಆ ಕಾಲದ ಪ್ರಕರಣಗಳೂ ಒಂದು ಕಾರಣ.

ಇನ್ನು ಐದನ್ನೂ ಬಿಡಿಬಿಡಿಯಾಗಿ, 85018, 85014, 85041, 85048, 85049 ಎಂದು ಐದು ಸಾಲು ಬಿಲ್ ಮಾಡುವುದು. ಇದಕ್ಕೆ ಅನ್‌ಬಂಡ್ಲಿಂಗ್ ಅನ್ನುತ್ತಾರೆ. ಒಟ್ಟಿಗೆ ಒಂದು ಕೋಡ್ ಇರುವಾಗ ಬಿಡಿ ಕೋಡ್ ಹಾಕಬಾರದು. ಒಟ್ಟಿಗೆ ಹಾಕಬಾರದ ಕೋಡ್‌ಗಳನ್ನು ತಡೆಯುವ ಸರ್ಕಾರಿ ವಿಮೆಯ ನಿಯಮಗಳು, ಅಂದರೆ ಎನ್‌ಸಿಸಿಐ ಎಡಿಟ್‌ಗಳು, ಹೇಗೂ ಹಿಡಿಯುತ್ತವೆ. ಆದರೆ ಎಡಿಟ್ ಹಿಡಿಯುತ್ತದೆ ಎಂದು ನಂಬಿಕೊಂಡು ಕೋಡ್ ಮಾಡುವವರನ್ನು ನಾನು ಟೀಮಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಆರ್ಡರ್ ಓದುವುದು

ಸಾಮಾನ್ಯವಾಗಿ ಲ್ಯಾಬಿನ ರಿಕ್ವಿಸಿಷನ್ ಫಾರಂನಲ್ಲಿ "ಸಿಬಿಸಿ ವಿತ್ ಡಿಫ್", "ಸಿಬಿಸಿ ವಿತೌಟ್ ಡಿಫ್" ಎಂದು ಎರಡು ಬೇರೆ ಚೌಕ ಇರುತ್ತವೆ. ಡಾಕ್ಟರ್ ಯಾವುದಕ್ಕೆ ಟಿಕ್ ಹಾಕಿದ್ದಾರೋ ಅದೇ ಕೋಡ್. ವಿತೌಟ್ ಡಿಫ್‌ಗೆ ಟಿಕ್ ಹಾಕಿದ್ದಾರೆ, ಲ್ಯಾಬ್ ಡಿಫರೆನ್ಷಿಯಲ್ ಸಮೇತ ರಿಪೋರ್ಟ್ ಕೊಟ್ಟಿದೆ ಅಂದುಕೊಳ್ಳಿ. ಆಗಲೂ 85027 ಮಾತ್ರ. ಕೇಳದೇ ಇದ್ದದ್ದನ್ನು ಲ್ಯಾಬ್ ಕೊಟ್ಟಿದ್ದರೆ ಅದು ಲ್ಯಾಬಿನ ಔದಾರ್ಯ.

ಇದರಲ್ಲಿ ಎಷ್ಟು ದುಡ್ಡು ವ್ಯತ್ಯಾಸ ಗೊತ್ತಾ? ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್‌ನ ಲ್ಯಾಬ್ ಫೀ ಶೆಡ್ಯೂಲ್‌ನಲ್ಲಿ (ದರಪಟ್ಟಿಯಲ್ಲಿ) ಈಚಿನ ವರ್ಷಗಳಲ್ಲಿ 85025ಕ್ಕೆ 7.77 ಡಾಲರ್, 85027ಕ್ಕೆ 6.47 ಡಾಲರ್. 1.30 ಡಾಲರ್‌ಗೆ ಇಷ್ಟೊಂದು ರಾಮಾಯಣವಾ ಎಂದು ಹೊಸಬರು ನಗುತ್ತಾರೆ. ಸಿಬಿಸಿ ದಿನಕ್ಕೆ ಸಾವಿರಾರು ಆಗುವ ಲ್ಯಾಬಿನಲ್ಲಿ ಆ 1.30ನ್ನು ವರ್ಷಕ್ಕೆ ಗುಣಿಸಿ ನೋಡಿ. ಅದೂ ಅಲ್ಲದೆ, ಕೇಳದೇ ಇದ್ದ ಟೆಸ್ಟ್‌ಗೆ ಗೊತ್ತಿದ್ದೂ ಗೊತ್ತಿದ್ದೂ ಸರ್ಕಾರಿ ವಿಮೆಯಿಂದ ಹಣ ಪಡೆದರೆ ಅದು ಸುಳ್ಳು ಬಿಲ್‌ಗಳ ವಿರುದ್ಧದ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ ಕೆಳಗೆ ಬರುತ್ತದೆ.

ಆರ್ಡರ್‌ನಲ್ಲಿ ಬರೀ "ಸಿಬಿಸಿ" ಎಂದು ಇದ್ದರೆ? ಇದು ದಿನಾ ಬರುವ ಪ್ರಶ್ನೆ. ಊಹೆ ಮಾಡಬೇಡಿ. ಕೆಲವು ಕಡೆ ಕ್ಲೈಂಟ್ ಮತ್ತು ಲ್ಯಾಬ್ ಸೇರಿ ತಮ್ಮ ಟೆಸ್ಟ್ ಮೆನುವಿನಲ್ಲಿ "ಸಿಬಿಸಿ" ಎಂದರೆ ಏನೇನು ಎಂದು ಲಿಖಿತವಾಗಿ ಇಟ್ಟಿರುತ್ತಾರೆ. ಅದು ನಿಮ್ಮ ಕ್ಲೈಂಟ್ ಗೈಡ್‌ಲೈನ್ ಫೋಲ್ಡರಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕ್ವೆರಿ ಹಾಕಿ (ಬರೆದು ಕೇಳಿ), ಚಾರ್ಟ್ ಹೋಲ್ಡ್‌ನಲ್ಲಿ ಇಡಿ. ಪ್ರೊಡಕ್ಷನ್ ಟಾರ್ಗೆಟ್ ಕಡಿಮೆ ಆಗುತ್ತದೆ ಅಂತ ಕ್ವೆರಿ ಹಾಕದೇ ಬಿಡುವುದು ನಮ್ಮ ಫ್ಲೋರಿನ ದೊಡ್ಡ ಕಾಯಿಲೆ. ಬೆಳಗಿನ ಜಾವ ಮೂರು ಗಂಟೆಗೆ, ಇನ್ನೂ ಅರ್ಧ ಬ್ಯಾಚ್ ಬಾಕಿ ಇರುವಾಗ ಅದು ಹೇಗೆ ಆಗುತ್ತದೆ ಅಂತ ನನಗೂ ಗೊತ್ತು.

"ಎಚ್ ಆ್ಯಂಡ್ ಎಚ್" ಎಂದು ಬರೆದಿದ್ದರೆ ಹಿಮೋಗ್ಲೋಬಿನ್ ಮತ್ತು ಹೆಮಟೋಕ್ರಿಟ್. 85018, 85014 ಎರಡೂ ಹಾಕಿ, ಅಲ್ಲಿಗೆ ನಿಲ್ಲಿಸಿ. ಮೆಡಿಕೇರ್‌ನ ರಕ್ತಕಣ ನೀತಿಯಲ್ಲೇ ಇದನ್ನು ಬರೆದಿದ್ದಾರೆ: ಡಾಕ್ಟರ್ ಹಿಮೋಗ್ಲೋಬಿನ್ ಅಥವಾ ಹೆಮಟೋಕ್ರಿಟ್ ಮಾತ್ರ ಕೇಳಿದ್ದರೆ ಸಿಬಿಸಿಯ ಉಳಿದ ಭಾಗಗಳಿಗೆ ಹಣ ಇಲ್ಲ.

ಕ್ಲೋಜಪಿನ್ ಮಾತ್ರೆ ತೆಗೆದುಕೊಳ್ಳುವ ರೋಗಿಗಳ ಚಾರ್ಟ್‌ನಲ್ಲಿ "ಡಬ್ಲ್ಯುಬಿಸಿ ವಿತ್ ಡಿಫ್" ಎಂಬ ಆರ್ಡರ್ ಕಾಣಬಹುದು. ನ್ಯೂಟ್ರೋಫಿಲ್ ಎಷ್ಟಿದೆ ಎಂದು ನೋಡುವುದಕ್ಕೆ. ಇದು ಸಿಬಿಸಿ ಅಲ್ಲ. 85048 ಮತ್ತು 85004.

ರೆಟಿಕ್ಯುಲೋಸೈಟ್ (ಎಳೆಯ ಕೆಂಪು ಕಣ) ಎಣಿಕೆ ಸಿಬಿಸಿಯ ಒಳಗೆ ಬರುವುದಿಲ್ಲ. ಕೇಳಿದ್ದರೆ ಬೇರೆ ಕೋಡ್. ಮಷೀನ್ ಮಾಡಿದರೆ 85045, ಕೈಯಲ್ಲಿ ಎಣಿಸಿದರೆ 85044. ಮಷೀನ್ ರೆಟಿಕ್ ಜೊತೆಗೆ ಅದರ ಹಿಮೋಗ್ಲೋಬಿನ್ ಅಥವಾ ಇಮ್ಮೆಚ್ಯೂರ್ ಫ್ರಾಕ್ಷನ್ ತರಹದ್ದನ್ನೂ ನೇರವಾಗಿ ಅಳೆದಿದ್ದು, ಅದನ್ನೂ ಕೇಳಿದ್ದರೆ 85046. 85045, 85046 ಎರಡನ್ನೂ ಒಟ್ಟಿಗೆ ಹಾಕಬೇಡಿ, ಎರಡನೆಯದರಲ್ಲಿ ಮೊದಲನೆಯದು ಅಡಗಿದೆ. ಇಎಸ್‌ಆರ್ ಕೂಡ ಬೇರೆಯೇ: ಕೈಯಲ್ಲಿ ಮಾಡಿದರೆ 85651, ಮಷೀನ್ ಮಾಡಿದರೆ 85652.

ಸ್ಲೈಡ್ ಬಂದ ಕೂಡಲೇ ಎಲ್ಲರೂ ಎಡವುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಆಡಿಟ್‌ಗಳಲ್ಲಿ ಅತಿ ಹೆಚ್ಚು ತಪ್ಪು ಸಿಗುವುದು ಇಲ್ಲೇ.

ಡಾಕ್ಟರ್ ಕೇಳಿದ್ದು ಆಟೊಮೇಟೆಡ್ ಡಿಫ್ ಸಮೇತ ಸಿಬಿಸಿ. ಮಷೀನ್ ಓಡಿತು, ಎಲ್ಲೋ ಫ್ಲ್ಯಾಗ್ (ಎಚ್ಚರಿಕೆ) ಎದ್ದಿತು. ಬ್ಲಾಸ್ಟ್ ಎಂಬ ಬಲಿಯದ ಕಣ ಇರಬಹುದು, ಪ್ಲೇಟ್‌ಲೆಟ್ ಗುಂಪುಗಟ್ಟಿರಬಹುದು. ಲ್ಯಾಬಿನ ನಿಯಮದ ಪ್ರಕಾರ ಟೆಕ್ನಿಷಿಯನ್ ಸ್ಲೈಡ್ ಮಾಡಿ, ಕೈಯಲ್ಲಿ ನೂರು ಕಣ ಎಣಿಸಿ, ಮ್ಯಾನುಯಲ್ ಡಿಫರೆನ್ಷಿಯಲ್ ರಿಪೋರ್ಟ್ ಮಾಡಿದ. ಚಾರ್ಟ್‌ನಲ್ಲಿ ಈಗ ಸಿಬಿಸಿಯೂ ಇದೆ, ಮ್ಯಾನುಯಲ್ ಡಿಫ್ ಕೂಡ ಇದೆ. ಕೈ ಎಣಿಕೆಗೆ 85007 ಎಂಬ ಕೋಡ್ ಇದೆ. ಹೊಸಬರು 85025 ಜೊತೆ 85007 ಹಾಕುತ್ತಾರೆ.

ಹಾಕಬಾರದು. ಎನ್‌ಸಿಸಿಐ ಪಾಲಿಸಿ ಮ್ಯಾನುಯಲ್‌ನಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಕೇಳಿದ ಟೆಸ್ಟನ್ನು ಪೂರ್ತಿ ಮಾಡಲು ಲ್ಯಾಬ್ ತನ್ನ ನಿಯಮದಂತೆ ಸ್ಲೈಡ್ ನೋಡಿದರೆ ಅದು ಆ ಟೆಸ್ಟ್‌ನ ಭಾಗವೇ. ಒಂದೇ ಡಿಫರೆನ್ಷಿಯಲ್‌ಗೆ, ಮಷೀನ್‌ನಲ್ಲಿ ಒಮ್ಮೆ, ಕೈಯಲ್ಲಿ ಒಮ್ಮೆ ಎಂದು ಎರಡು ಸಲ ದುಡ್ಡು ಕೊಡುವುದಿಲ್ಲ. ನೂರು ಕಣ ಎಣಿಸಿದವರ ಕಷ್ಟ ನನಗೆ ಚೆನ್ನಾಗಿ ಗೊತ್ತು, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಆದರೂ ಅದಕ್ಕೆ ಬಿಲ್ ಇಲ್ಲ. 85025 ಒಂದೇ.

ಡಾಕ್ಟರ್ ಮೊದಲೇ "ಸಿಬಿಸಿ, ಮ್ಯಾನುಯಲ್ ಡಿಫ್" ಎಂದು ಕೇಳಿದ್ದರೆ ಕಥೆ ಬೇರೆ. ಆಗ 85027 ಮತ್ತು 85007, ಎರಡೂ ನ್ಯಾಯವಾಗಿ ಬಿಲ್ ಆಗುತ್ತವೆ. ನೋಡಿ, ಲ್ಯಾಬಿನಲ್ಲಿ ನಡೆದ ಕೆಲಸ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಎರಡು ರಿಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಆರ್ಡರ್ ತೆಗೆದರೆ ಮಾತ್ರ ಗೊತ್ತಾಗುತ್ತದೆ.

ಸ್ಲೈಡ್ ಕುಟುಂಬದಲ್ಲಿ ಇನ್ನೂ ಕೆಲವರಿದ್ದಾರೆ. ಡಿಫ್ ಎಣಿಸದೆ ಸುಮ್ನೆ ಸ್ಲೈಡ್ ನೋಡಿ ಕಣಗಳ ಆಕಾರ ಹೇಳುವುದು 85008. ಇದೂ ಅಷ್ಟೇ, ಲ್ಯಾಬ್ ತಾನಾಗಿ ನೋಡಿದ್ದರೆ ಸಿಬಿಸಿ ಜೊತೆ ಹಾಕುವ ಹಾಗಿಲ್ಲ. ಬಫಿ ಕೋಟ್‌ನಿಂದ (ರಕ್ತ ತಿರುಗಿಸಿದಾಗ ಬೇರೆಯಾಗುವ ಬಿಳಿ ಕಣಗಳ ಪದರದಿಂದ) ಮಾಡಿದ ಮ್ಯಾನುಯಲ್ ಡಿಫ್ 85009, ಅಪರೂಪ. ಕೌಂಟಿಂಗ್ ಛೇಂಬರಿನಲ್ಲಿ ಕೈಯಿಂದ ಕೆಂಪು ಕಣ, ಬಿಳಿ ಕಣ ಅಥವಾ ಪ್ಲೇಟ್‌ಲೆಟ್ ಎಣಿಸಿದರೆ 85032. ಇದರ ವಿವರಣೆಯ ಕೊನೆಯಲ್ಲಿ "ಒಂದೊಂದಕ್ಕೂ" ಎಂದಿದೆ. ಎರಡು ಬಗೆಯ ಕಣ ಎಣಿಸಿದ್ದರೆ ಎರಡು ಯೂನಿಟ್.

ಇನ್ನು 85060. ಪೆಥಾಲಜಿಸ್ಟ್ ಖುದ್ದಾಗಿ ಪೆರಿಫೆರಲ್ ಸ್ಮಿಯರ್ (ರಕ್ತದ ಸ್ಲೈಡ್) ನೋಡಿ, ತಮ್ಮ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೊಟ್ಟರೆ ಈ ಕೋಡ್. ಟೆಕ್ನಿಷಿಯನ್ ಬರೆದ ಟಿಪ್ಪಣಿಗೆ ಇದು ಬರುವುದಿಲ್ಲ. ಪೆಥಾಲಜಿಸ್ಟ್ ಸ್ಲೈಡ್ ನೋಡಿ ಬರೀ ಇನಿಷಿಯಲ್ ಹಾಕಿದ್ದರೂ ಬರುವುದಿಲ್ಲ. ಮೆಡಿಕೇರ್ ಇನ್ನೂ ಬಿಗಿ: ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿರುವ ರೋಗಿಯ ಅಸಹಜ ಸ್ಮಿಯರ್‌ಗೆ ಮಾತ್ರ ಇದಕ್ಕೆ ಬೇರೆ ಹಣ ಕೊಡುತ್ತದೆ. ಔಟ್‌ಪೇಷಂಟ್ ಮೆಡಿಕೇರ್ ಕ್ಲೇಮ್‌ನಲ್ಲಿ (ವಿಮೆಗೆ ಕಳಿಸುವ ಬಿಲ್‌ನಲ್ಲಿ) 85060 ಕಂಡರೆ ನಾನು ಅಲ್ಲೇ ನಿಲ್ಲಿಸುತ್ತೇನೆ.

ಪ್ಲೇಟ್‌ಲೆಟ್ ಗುಂಪುಗಟ್ಟುವುದರ ಬಗ್ಗೆ ಒಂದು ಮಾತು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡು, ಎಣಿಕೆ ಸುಳ್ಳಾಗಿ ಕಡಿಮೆ ಬರುತ್ತದೆ. ಆಗ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಓಡಿಸುತ್ತಾರೆ. ಮೊದಲ ಎಣಿಕೆ ಸರಿ ಬರಲಿಲ್ಲ ಎಂದು ಮಾಡಿದ್ದು ಅದು. ಎರಡನೆಯದಕ್ಕೆ ಬಿಲ್ ಇಲ್ಲ.

ರಕ್ತ ಅಲ್ಲದ್ದಕ್ಕೆ ಈ ಕೋಡ್‌ಗಳು ಬೇಡ. ಬೆನ್ನುಹುರಿ ದ್ರವದಲ್ಲೋ ಕೀಲಿನ ದ್ರವದಲ್ಲೋ ಕಣ ಎಣಿಸಿದ್ದರೆ 89050, ಡಿಫ್ ಸಮೇತ ಆದರೆ 89051. ರಿಪೋರ್ಟ್‌ನಲ್ಲಿ "ಡಬ್ಲ್ಯುಬಿಸಿ" ಎಂದು ಕಂಡ ಮಾತ್ರಕ್ಕೆ 85048 ಹಾಕುವವರಿದ್ದಾರೆ. ಸ್ಪೆಸಿಮನ್ ಯಾವುದು ಎಂಬ ಸಾಲನ್ನೂ ಓದಿ.

ಬೇರೆ ಟೆಸ್ಟ್‌ಗಳ ಜೊತೆ ಬಂದಾಗ

ಅದೇ ಆರ್ಡರ್‌ನಲ್ಲಿ ಕಾಂಪ್ರೆಹೆನ್ಸಿವ್ ಮೆಟಬಾಲಿಕ್ ಪ್ಯಾನೆಲ್ 80053, ಟಿಎಸ್‌ಎಚ್ 84443 ಮತ್ತು 85025 ಮೂರೂ ಇದ್ದರೆ ಅವು ಸೇರಿ 80050 ಎಂಬ ಜನರಲ್ ಹೆಲ್ತ್ ಪ್ಯಾನೆಲ್ ಆಗುತ್ತವೆ. ಖಾಸಗಿ ವಿಮೆಗೆ ಹಾಗೆ ಹೋಗಬೇಕು. ಮೆಡಿಕೇರ್ 80050ಕ್ಕೆ ಹಣ ಕೊಡುವುದಿಲ್ಲ, ಅಲ್ಲಿ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ. ಡಿಫ್ ಇಲ್ಲದ ಬರೀ 85027 ಇದ್ದರೆ ಪ್ಯಾನೆಲ್ ಪೂರ್ತಿ ಆಗುವುದಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬಸುರಿಯರ ಚಾರ್ಟ್‌ನಲ್ಲಿ 80055 ಆಬ್ಸ್ಟೆಟ್ರಿಕ್ ಪ್ಯಾನೆಲ್ ನೋಡಿ, ಅದರೊಳಗೂ ಸಿಬಿಸಿ ಇದೆ. ಅದನ್ನು ಹಾಕಿದ ಮೇಲೆ 85025 ಬೇಡ.

ಪ್ಲೇಟ್‌ಲೆಟ್ ಇಲ್ಲದ ಸಿಬಿಸಿಗೆ ಮೆಡಿಕೇರ್‌ನಲ್ಲಿ ಬೇರೆ ಕೋಡ್ ಇದೆ. ಡಿಫ್ ಇದ್ದರೆ ಜಿ0306, ಇಲ್ಲದಿದ್ದರೆ ಜಿ0307. ನಮ್ಮ ಕೆಲಸದಲ್ಲಿ ಅಪರೂಪಕ್ಕೆ ಬರುತ್ತವೆ.

ರಕ್ತ ತೆಗೆದದ್ದಕ್ಕೆ 36415. ಎಷ್ಟು ಟ್ಯೂಬ್ ತುಂಬಿದರೂ ಒಂದು ಸಲ ಚುಚ್ಚಿದ್ದಕ್ಕೆ ಒಂದು. ಯಾರು ತೆಗೆದರೋ ಅವರ ಕ್ಲೇಮ್‌ನಲ್ಲಿ ಹೋಗಬೇಕು. ಕ್ಲಿನಿಕ್ ರಕ್ತ ತೆಗೆದು ಲ್ಯಾಬಿಗೆ ಕಳಿಸಿದ್ದರೆ ಲ್ಯಾಬಿನ ಕ್ಲೇಮ್‌ನಲ್ಲಿ 36415 ಇರಬಾರದು. ಬೆರಳು ಚುಚ್ಚಿದ್ದು 36416, ಅದಕ್ಕೆ ಮೆಡಿಕೇರ್ ಬೇರೆ ಹಣ ಕೊಡುವುದಿಲ್ಲ.

ಕೋಡಿನ ಹಿಂದೆ ಸೇರಿಸುವ ಗುರುತುಗಳಿಗೆ ಮಾಡಿಫೈಯರ್ ಅನ್ನುತ್ತಾರೆ. ಅವುಗಳಲ್ಲಿ ಈ ಟೆಸ್ಟ್‌ಗಳಿಗೆ ಮುಖ್ಯವಾದವು ಮೂರು. ಮೊದಲನೆಯದು 91. ಹೊಟ್ಟೆಯೊಳಗೆ ರಕ್ತಸ್ರಾವ ಆಗಿರುವ ರೋಗಿ ಎಮರ್ಜೆನ್ಸಿಯಲ್ಲಿ ಇದ್ದಾರೆ, ಕೆಲವು ಗಂಟೆಗೊಮ್ಮೆ ಹಿಮೋಗ್ಲೋಬಿನ್ ನೋಡುತ್ತಿದ್ದಾರೆ. ಬದಲಾವಣೆ ತಿಳಿಯಲು ಡಾಕ್ಟರೇ ಮತ್ತೆ ಮತ್ತೆ ಕೇಳಿದ್ದು. ಮೊದಲನೆಯದು 85018, ಅದೇ ದಿನದ ಮುಂದಿನವು 85018-91. ಮಷೀನ್ ಕೆಟ್ಟಿತು, ಸ್ಯಾಂಪಲ್ ಹೆಪ್ಪುಗಟ್ಟಿತು, ಬಂದ ಅಂಕಿ ನಂಬಲಾಗಲಿಲ್ಲ ಎಂದು ಮತ್ತೆ ಓಡಿಸಿದ್ದಕ್ಕೆ 91 ಬಳಸುವ ಹಾಗಿಲ್ಲ. ಎರಡನೆಯದು 90, ಟೆಸ್ಟನ್ನು ಹೊರಗಿನ ಲ್ಯಾಬ್ ಮಾಡಿದಾಗ. ಆದರೆ ಮೆಡಿಕೇರ್‌ನಲ್ಲಿ ಕ್ಲಿನಿಕ್ ತಾನು ಮಾಡದ ಟೆಸ್ಟ್‌ಗೆ 90 ಹಾಕಿ ಬಿಲ್ ಮಾಡಲು ಆಗುವುದಿಲ್ಲ, ಮಾಡಿದ ಲ್ಯಾಬೇ ನೇರವಾಗಿ ಕಳಿಸಬೇಕು.

ಮೂರನೆಯದು ಕ್ಯೂಡಬ್ಲ್ಯು. ಅಮೆರಿಕದಲ್ಲಿ 1988ರ ಕ್ಲಿಯಾ ಕಾನೂನಿನ ಪ್ರಕಾರ ಪ್ರತಿ ಲ್ಯಾಬಿಗೂ ಸರ್ಟಿಫಿಕೇಟ್ ಬೇಕು. ಸಣ್ಣ ಕ್ಲಿನಿಕ್‌ಗಳ ಹತ್ತಿರ ಇರುವುದು ಸಾಮಾನ್ಯವಾಗಿ ವೇವರ್ ಸರ್ಟಿಫಿಕೇಟ್. ಅದರಲ್ಲಿ ಸುಲಭದ ಕೆಲವೇ ಟೆಸ್ಟ್ ಮಾಡಬಹುದು, ಅದೂ ವೇವರ್ ಸಿಕ್ಕಿರುವ ಉಪಕರಣದಲ್ಲೇ. ಹಿಮೋಕ್ಯೂ ತರಹದ ಪುಟ್ಟ ಯಂತ್ರದಲ್ಲಿ ಹಿಮೋಗ್ಲೋಬಿನ್ ನೋಡಿದರೆ 85018 ಜೊತೆ ಕ್ಯೂಡಬ್ಲ್ಯು ಹಾಕಬೇಕು. ತಿರುಗಿಸಿ ನೋಡುವ ಮೈಕ್ರೊ ಹೆಮಟೋಕ್ರಿಟ್ 85013ಕ್ಕೆ ಅದು ಬೇಡ. ಸಿಬಿಸಿ ಪೂರ್ತಿಯಾಗಿ ವೇವರ್ ಪಟ್ಟಿಗೆ ಮೊದಲು ಬಂದದ್ದು 2017ರಲ್ಲಿ, ಸಿಸ್‌ಮೆಕ್ಸ್ ಎಕ್ಸ್‌ಡಬ್ಲ್ಯು-100 ಎಂಬ ಯಂತ್ರದಿಂದ. ಹಾಗಾಗಿ ವೇವರ್ ಕ್ಲಿನಿಕ್‌ನಿಂದ 85025 ಬಂದರೆ ಯಾವ ಯಂತ್ರ ಎಂದು ಕೇಳಿ. ವೇವರ್ ಸಿಕ್ಕಿರದ ಯಂತ್ರ ಎಂದು ಉತ್ತರ ಬಂದರೆ ವಿಷಯ ಕೋಡಿಂಗ್ ಮೀರಿದ್ದು, ಮ್ಯಾನೇಜರ್‌ಗೆ ಒಪ್ಪಿಸಿ.

ಡಯಾಗ್ನೋಸಿಸ್

ಸಿಪಿಟಿ ಸರಿ ಇದ್ದರೂ ಐಸಿಡಿ ಕೋಡ್, ಅಂದರೆ ರೋಗದ ಅಥವಾ ಲಕ್ಷಣದ ಕೋಡ್, ತಪ್ಪಿದರೆ ದುಡ್ಡು ಬರುವುದಿಲ್ಲ. ಮೆಡಿಕೇರ್‌ನಲ್ಲಿ ಇದಕ್ಕೆ ಎನ್‌ಸಿಡಿ 190.15 ಎಂಬ ನೀತಿ ಇದೆ. ಬೇರೆ ಹಲವು ಲ್ಯಾಬ್ ನೀತಿಗಳಲ್ಲಿ ಹಣ ಸಿಗುವ ಡಯಾಗ್ನೋಸಿಸ್‌ಗಳ ಪಟ್ಟಿ ಇದ್ದರೆ ಇದರಲ್ಲಿ ತಿರುಗಾಮುರುಗಾ. ಯಾವುದಕ್ಕೆ ಸಿಗುವುದಿಲ್ಲ ಎಂಬ ಪಟ್ಟಿ ಇದೆ. ಅದರಲ್ಲಿ ಇಲ್ಲದ ಡಯಾಗ್ನೋಸಿಸ್ ಸಾಮಾನ್ಯವಾಗಿ ದಾಟುತ್ತದೆ.

ನೆನಪಿಡಬೇಕಾದ್ದು ಝಡ್00.00, ವರ್ಷದ ಸಾಮಾನ್ಯ ತಪಾಸಣೆ. ಲಕ್ಷಣವೇ ಇಲ್ಲದವರಿಗೆ ಸಿಬಿಸಿ ಮಾಡಿದರೆ ಮೆಡಿಕೇರ್ ಅದನ್ನು ಸ್ಕ್ರೀನಿಂಗ್ ಎಂದು ನೋಡುತ್ತದೆ, ಹಣ ಇಲ್ಲ. ಆಗ ಜಿವೈ ಮಾಡಿಫೈಯರ್. ಕಾನೂನಿನಲ್ಲೇ ಹೊರಗಿಟ್ಟದ್ದಕ್ಕೆ ರೋಗಿಯೇ ಜವಾಬ್ದಾರಿ. ಕಾನೂನಿನಲ್ಲಿ ಹೊರಗಿಲ್ಲ, ಆದರೆ ಈ ಡಯಾಗ್ನೋಸಿಸ್‌ಗೆ ಅಗತ್ಯ ಇಲ್ಲ ಎಂದು ತಳ್ಳಿಹಾಕಬಹುದು ಅನ್ನಿಸಿದರೆ ಮೆಡಿಕೇರ್ ಹಣ ಕೊಡದೇ ಇರಬಹುದು ಎಂದು ತಿಳಿಸುವ ಎಬಿಎನ್ ಫಾರಂಗೆ ಮೊದಲೇ ರೋಗಿಯಿಂದ ಸಹಿ ಪಡೆದು ಜಿಎ ಹಾಕಬೇಕು. ಸಹಿ ಪಡೆಯದೇ ಇದ್ದರೆ ಜಿಝಡ್. ಆಗ ನಷ್ಟ ಲ್ಯಾಬಿನದು.

ಔಟ್‌ಪೇಷಂಟ್‌ನಲ್ಲಿ "ರೂಲ್ ಔಟ್ ಅನೀಮಿಯಾ" ಎಂದಿದ್ದರೆ ಡಿ64.9 ಹಾಕಬೇಡಿ. ಶಂಕೆ ರೋಗ ಅಲ್ಲ. ಪಕ್ಕದಲ್ಲಿ ಸುಸ್ತು ಎಂದು ಬರೆದಿದ್ದಾರಾ ನೋಡಿ, ಆರ್53.83. ಜ್ವರ ಇದ್ದರೆ ಆರ್50.9. ರಿಪೋರ್ಟ್‌ನಲ್ಲಿ ಎಚ್‌ಬಿ 8 ಬಂದಿದೆ, ಇದು ಅನೀಮಿಯಾ ಅಲ್ವಾ ಎಂದು ನನ್ನಂಥ ಹಳೇ ಲ್ಯಾಬಿನವರಿಗೆ ಕೈ ತುರಿಸುತ್ತದೆ. ರೋಗಕ್ಕೆ ಹೆಸರಿಡುವುದು ಡಾಕ್ಟರ ಕೆಲಸ. ಅವರು ಬರೆಯುವ ತನಕ ಕೋಡರ್ ಬರೆಯುವ ಹಾಗಿಲ್ಲ.

ಮೆಥೊಟ್ರೆಕ್ಸೇಟ್ ತರಹದ ಔಷಧಿ ಮೇಲಿರುವವರಿಗೆ ನಿಗಾಕ್ಕಾಗಿ ಸಿಬಿಸಿ ಮಾಡಿಸುತ್ತಾರೆ. ಆಗ ಯಾವ ಕಾಯಿಲೆಗೆ ಔಷಧಿ ಅನ್ನುವುದರ ಜೊತೆಗೆ ದೀರ್ಘಕಾಲದ ಔಷಧಿಯ ಝಡ್79 ಗುಂಪಿನ ಕೋಡ್ ಕೂಡ ಹಾಕಿ. ಆಪರೇಷನ್ ಮುಂಚಿನ ರಕ್ತ ಪರೀಕ್ಷೆಗೆ ಝಡ್01.812 ಮೊದಲು, ಆಪರೇಷನ್ ಯಾಕೆ ಅನ್ನುವುದು ಆಮೇಲೆ.

ಕ್ಲೇಮ್ ಕಳಿಸುವ ಮುಂಚೆ, ವಾಪಸ್ ಬಂದ ಮೇಲೆ

ತಾರೀಕು: ಸಾಮಾನ್ಯವಾಗಿ ರಕ್ತ ತೆಗೆದ ದಿನವೇ ಸೇವೆಯ ದಿನ. ರಾತ್ರಿ 11ಕ್ಕೆ ತೆಗೆದು 1 ಗಂಟೆಗೆ ಮಷೀನ್ ಓಡಿಸಿದ್ದರೂ ಹಿಂದಿನ ತಾರೀಕು. ಕ್ಲಿಯಾ ನಂಬರ್ ಸಿಎಂಎಸ್-1500 ಫಾರಂನ 23ನೇ ಚೌಕದಲ್ಲಿ, ಟೆಸ್ಟ್ ಬರೆದ ಡಾಕ್ಟರ ಹೆಸರು 17ರಲ್ಲಿ ಡಿಕೆ ಎಂಬ ಗುರುತಿನ ಜೊತೆ. ಸಿಪಿಟಿ ಜನವರಿ 1ಕ್ಕೆ ಬದಲಾಗುತ್ತದೆ, ಐಸಿಡಿ ಮುಖ್ಯವಾಗಿ ಅಕ್ಟೋಬರ್ 1ಕ್ಕೆ, ಎನ್‌ಸಿಸಿಐ ಎಡಿಟ್ ಮೂರು ತಿಂಗಳಿಗೊಮ್ಮೆ. ಡೆಸ್ಕಿಗೆ ಅಂಟಿಸಿಕೊಂಡ ಹಳೇ ಚೀಟಿ ನೋಡಿ ಕೋಡ್ ಮಾಡಬೇಡಿ.

ಡಿನಯಲ್ (ಹಣ ಕೊಡುವುದಿಲ್ಲ ಎಂಬ ಉತ್ತರ) ಬಂದರೆ ಅದರ ನಂಬರೇ ದಾರಿ ತೋರಿಸುತ್ತದೆ. ಸಿಒ-97 ಬಂದರೆ ಬಂಡಲ್ ಆಗಿದೆ ಎಂದರ್ಥ, ನೀವು 85025 ಪಕ್ಕ ಇನ್ನೇನು ಹಾಕಿದ್ದೀರಿ ನೋಡಿ. ಹೆಚ್ಚಾಗಿ ಅಲ್ಲಿ 85007 ಕೂತಿರುತ್ತದೆ. ಎರಡೂ ಬೇರೆ ಬೇರೆ ಸೇವೆ ಎಂದು ತೋರಿಸುವ 59 ಮಾಡಿಫೈಯರ್ ಹಾಕಿ ಮತ್ತೆ ಕಳಿಸೋಣ ಎನ್ನುವವರ ಮಾತು ಕೇಳಬೇಡಿ, ಆ ಸಾಲನ್ನು ತೆಗೆಯಿರಿ. ಸಿಒ-16 ಜೊತೆ ಎಂಎ120 ಬಂದರೆ ಕ್ಲಿಯಾ ನಂಬರ್ ಇಲ್ಲ ಅಥವಾ ತಪ್ಪಾಗಿದೆ. ಸಿಒ-50 ಬಂದರೆ ಡಯಾಗ್ನೋಸಿಸ್. ಆರ್ಡರ್‌ಗೆ ಹೋಗಿ ಡಾಕ್ಟರ್ ಬರೆದಿದ್ದ ಇನ್ನೊಂದು ಲಕ್ಷಣ ಬಿಟ್ಟುಹೋಗಿದೆಯಾ ನೋಡಿ. ಇಲ್ಲದ ಲಕ್ಷಣವನ್ನು ಹುಟ್ಟಿಸಬೇಡಿ. ಒಎ-18 ಬಂದರೆ ಡೂಪ್ಲಿಕೇಟ್. ನಿಜವಾಗಿ ಎರಡು ಸಲ ಕೇಳಿ ಮಾಡಿದ್ದಾದರೆ 91 ಇದೆಯಾ ನೋಡಿ. ಇದ್ದೂ ತಳ್ಳಿಹಾಕಿದ್ದರೆ ಎರಡೂ ಆರ್ಡರ್, ಎರಡೂ ರಿಪೋರ್ಟ್, ರಕ್ತ ತೆಗೆದ ಸಮಯ ಕಾಣುವ ಹಾಗೆ ಸೇರಿಸಿ ಅಪೀಲ್ ಮಾಡಿ.